ಹಾದಿಯ ರೂಪವೂ ಅಪಘಾತದ ತಡೆಯೂ

ಮಾಘಮಾಸ ಬಂದಿತೆಂದರೆ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯ (ಹಾಸನದ ಕಡೆಯದಲ್ಲ) ಸುತ್ತಣ ಹಾದಿಗಳ ಸ್ವರೂಪವೇ ಬದಲಾಗುವುದು. ಕೊಟ್ಟೂರೇಶ್ವರನ ತೇರಿಗೆ ಕಾಲ್ನಡಿಗೆಯಲ್ಲಿ ಹೊರಟವರು ಬಿಸಿಲಿಗಂಜಿ ಇರುಳಿನಲ್ಲಿ ನಡೆಯುವರು. ಮೈಲಾರದ ಕಾರಣಿಕಕ್ಕೆ ಹೋಗುವ ಎತ್ತಿನ ಬಂಡಿಗಳು ಸಾಲುಗಟ್ಟುವುವು. ಲಾರಿಗಳೂ ಮೋಟಾರು ಸೈಕಲ್ಲುಗಳೂ ಅದೇ ಹಾದಿಯಲ್ಲಿ ಓಡುವುವು. ಚಾಲಕನು ಎಚ್ಚರದಿಂದಿರಬೇಕೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅದು ಸತ್ಯವೇ. ಆದರೆ ಮನುಷ್ಯನಾದವನು ಒಂದಲ್ಲ ಒಂದು ಕ್ಷಣ ಮೈಮರೆಯುವನು. ಆ ಕ್ಷಣದ ತಪ್ಪಿಗೆ ಪ್ರಾಣವೇ ದಂಡವಾಗದಂತೆ ಹಾದಿಯನ್ನು ಕಟ್ಟುವುದು ಇಂಜಿನಿಯರರ ಹೊಣೆಯೆಂದು ನಾವು ಭಾವಿಸುತ್ತೇವೆ. ಸ್ವೀಡನ್ ದೇಶದ ಶಾಸನಸಭೆಯು 1997ರಲ್ಲಿ ಈ ತತ್ತ್ವವನ್ನೇ ಅಂಗೀಕರಿಸಿತು.

ಸೋದರಿಯರೇ, ಶಾಲೆಯಲ್ಲಿ ಕಲಿತ ಭೌತಶಾಸ್ತ್ರವನ್ನು ನೆನೆಯಿರಿ. ವೇಗವು ಇಮ್ಮಡಿಯಾದರೆ ವಾಹನದ ಚಲನಶಕ್ತಿಯು ನಾಲ್ಮಡಿಯಾಗುವುದು. ಗಂಟೆಗೆ 30 ಕಿಲೋಮೀಟರು ವೇಗದ ವಾಹನ ತಾಕಿದ ಪಾದಚಾರಿಯು ಬಹುಮಟ್ಟಿಗೆ ಬದುಕುಳಿಯುವನು. 60ರಲ್ಲಿ ಆ ಆಸೆ ಬಹಳ ಕ್ಷೀಣ. ಆದಕಾರಣ ಊರೊಳಗಿನ ಹಾದಿಯು ತಾನೇ ವೇಗವನ್ನು ತಗ್ಗಿಸುವಂತಿರಬೇಕು. ಹಲಗೆಯ ಮೇಲೆ ಅಂಕಿ ಬರೆದು ನಿಲ್ಲಿಸಿದರೆ ಸಾಲದು. ಊರ ಬಾಗಿಲಲ್ಲಿ ಹಾದಿಯು ಕಿರಿದಾಗಬೇಕು. ಶಾಲೆಯ ಮುಂದೆ ಮಕ್ಕಳು ದಾಟುವ ಎಡೆಯನ್ನು ತುಸು ಎತ್ತರಿಸಿ ಬಿಳಿಯ ಪಟ್ಟೆ ಬಳಿಯಬೇಕು. ಬಣ್ಣವೂ ಸೂಚನೆಯೂ ಇಲ್ಲದ ಉಬ್ಬುಗಳಾದರೋ ಇರುಳಿನಲ್ಲಿ ತಾವೇ ಸವಾರರನ್ನು ಕೆಡಹುವುವು. ಊರ ಹೊರಗೆ ಮುಖ್ಯವಾದುದು ಹಾದಿಯ ಅಂಚು. ಡಾಂಬರಿಗೂ ಮಣ್ಣಿಗೂ ಗೇಣುದ್ದ ಇಳಿತವಿದ್ದಲ್ಲಿ ಬಂಡಿಯವನು ಕೆಳಗಿಳಿಯಲಾರ, ನಡೆಯುವವನೂ ಇಳಿಯಲಾರ. ಎರಡು ಮಗ್ಗುಲಲ್ಲಿಯೂ ಸಮನಾದ, ಗಟ್ಟಿಯಾದ, ಅಗಲವಾದ ಅಂಚಿದ್ದರೆ ಯಾತ್ರಿಕರಿಗೆ ಅದೇ ರಕ್ಷೆ.

ಇದು ಬರಿಯ ಕಲ್ಪನೆಯಲ್ಲ. ನಮ್ಮ ನಾಡಿನಲ್ಲಿಯೇ ಬೆಳಗಾವಿಯಿಂದ ಯರಗಟ್ಟಿಯವರೆಗಿನ ರಾಜ್ಯ ಹೆದ್ದಾರಿಯನ್ನು ವಿಶ್ವಬ್ಯಾಂಕಿನ ನೆರವಿನಿಂದ ಮಾದರಿ ಹಾದಿಯಾಗಿ ತಿದ್ದಿ, ಪೊಲೀಸರ ಕಾವಲನ್ನೂ ಗಾಯಾಳುಗಳ ಶುಶ್ರೂಷೆಯನ್ನೂ ಜೊತೆಗೂಡಿಸಿದರು. 2015ರಿಂದ 2018ರೊಳಗೆ ಅಲ್ಲಿ ಅಪಘಾತದ ಮರಣಗಳು ಅರ್ಧಕ್ಕಿಂತಲೂ ಹೆಚ್ಚು ಇಳಿದುವು.

ನಮ್ಮ ಕಡೆಯ ಇನ್ನೊಂದು ಅಪಾಯವೆಂದರೆ ಹಾದಿಯ ಮೇಲಣ ಒಕ್ಕಣೆ. ಸುಗ್ಗಿಯಲ್ಲಿ ಮೆಕ್ಕೆಜೋಳವನ್ನು ಡಾಂಬರಿನ ಮೇಲೆ ಹರಡಿ, ರಾಶಿಯ ಸುತ್ತ ಕಲ್ಲಿಡುವರು. ಕತ್ತಲೆಯಲ್ಲಿ ಆ ಕಲ್ಲೇ ಮೃತ್ಯುವಾಗುವುದು. ರೈತನನ್ನು ದೂರುವುದಕ್ಕೆ ಮುಂಚೆ ಊರಿಗೊಂದು ಗಟ್ಟಿ ಕಣವನ್ನು ಕಟ್ಟಿಸಿಕೊಡಬೇಡವೇ? ಕಣವಿಲ್ಲದವನು ಕಾಳನ್ನು ಎಲ್ಲಿ ಒಣಗಿಸಬೇಕು? ಗ್ರಾಮಸಭೆಗೆ ಹೋಗುವ ತಾಯಿತಂದೆಗಳು ಹಾದಿಯ ಅಂಚಿನೊಡನೆ ಈ ಕಣವನ್ನೂ ಕೇಳಬೇಕೆಂದು ನಮ್ಮ ಬಿನ್ನಹ; ಸುಗ್ಗಿಗೂ ಮಾಘದ ಜಾತ್ರೆಗಳಿಗೂ ಮೊದಲೇ ಕೆಲಸವು ಮುಗಿಯುವಂತಿರಲಿ.