ಪ್ರಾಜೆಕ್ಟ್ ಬರೆದದ್ದಾಯಿತು, ಹೇಳುವುದು ಹೇಗೆ?



ಪ್ರಾಜೆಕ್ಟ್ ವರದಿ ಓದುವವರು ಅರ್ಥವಾಗದಿದ್ದರೆ ಪುಟ ಹಿಂದಕ್ಕೆ ತಿರುಗಿಸಬಹುದು. ಕೇಳುವವರಿಗೆ ಆ ಅನುಕೂಲ ಇಲ್ಲ. ಆದ್ದರಿಂದ ವರದಿಯನ್ನೇ ಕೈಯಲ್ಲಿ ಹಿಡಿದು ಗಡಗಡ ಓದಿದರೆ ಅದು ಮಂಡನೆ ಆಗುವುದಿಲ್ಲ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ‘ಮೂರು ನಿಮಿಷದ ಪ್ರಬಂಧ’ ಎಂಬ ಸ್ಪರ್ಧೆ ಆರಂಭಿಸಿತು. 80,000 ಪದಗಳ ಪಿಎಚ್.ಡಿ. ಪ್ರಬಂಧವನ್ನು ಪೂರ್ತಿ ಹೇಳಲು 9 ಗಂಟೆ ಬೇಕಂತೆ. ಸ್ಪರ್ಧಿಗೆ ಕೊಡುವುದು 3 ನಿಮಿಷ ಮತ್ತು ಒಂದೇ ಸ್ಲೈಡ್. ಸಮಯ ಮೀರಿದರೆ ಅನರ್ಹ. ಹಾಗಿರುವಾಗ ನಮ್ಮ ಹದಿನೈದು ಪುಟಕ್ಕೆ 5 ನಿಮಿಷ ಧಾರಾಳ.

ಆ 5 ನಿಮಿಷದಲ್ಲಿ ಒಂದು ಪ್ರಶ್ನೆ, ಅದಕ್ಕೆ ಒಂದು ಉತ್ತರ ಇದ್ದರೆ ಸಾಕು. ನನ್ನ ಪ್ರಾಜೆಕ್ಟ್ ನಮ್ಮ ಬೀದಿಯ ಚಿಲ್ಲರೆ ಅಂಗಡಿಗಳ ಯುಪಿಐ ವ್ಯವಹಾರದ ಬಗ್ಗೆ. ಯುಪಿಐ 2016ರಲ್ಲಿ ಬಂತು, ಅದನ್ನು ನಡೆಸುವುದು ಎನ್‌ಪಿಸಿಐ ಎಂಬುದೆಲ್ಲ ವರದಿಯಲ್ಲಿದೆ. ಅದನ್ನು ಒಂದೇ ವಾಕ್ಯದಲ್ಲಿ ಮುಗಿಸಿದೆ. ನೇರವಾಗಿ ಪ್ರಶ್ನೆಗೆ ಬಂದೆ: ಗಿರಾಕಿ ಫೋನಿನಲ್ಲಿ ಹಣ ಕೊಟ್ಟರೂ ಅಂಗಡಿಯವರು ನಗದನ್ನೇ ಏಕೆ ಇಷ್ಟಪಡುತ್ತಾರೆ? ಸಗಟು ವ್ಯಾಪಾರಿ ಅವರಿಂದ ನಗದು ಕೇಳುತ್ತಾನೆ ಎಂಬುದು ಉತ್ತರ.

ಇಲ್ಲಿ ಸಂಖ್ಯೆಯ ವಿಷಯ ಬರುತ್ತದೆ. ನಾನು ಮಾತಾಡಿಸಿದ್ದು 12 ಅಂಗಡಿ. 9 ಮಂದಿ ಹೀಗೆ ಹೇಳಿದರು. ‘ಶೇ. 75ರಷ್ಟು ವ್ಯಾಪಾರಿಗಳು’ ಎಂದರೆ ಲೆಕ್ಕ ಸರಿ, ಮಾತು ಸುಳ್ಳು. ಕೇಳುವವರಿಗೆ ಇಡೀ ಊರನ್ನೇ ಸುತ್ತಿ ಬಂದಂತೆ ತೋರುತ್ತದೆ. ‘ನಾನು ಕೇಳಿದ 12 ಅಂಗಡಿಗಳಲ್ಲಿ 9’ ಎಂದೇ ಹೇಳಬೇಕು. ಚಾರ್ಟಿನಲ್ಲೂ ಹಾಗೇ ಬರೆಯಿರಿ, ಕೊನೆಯ ಬೆಂಚಿನವರಿಗೂ ಕಾಣುವಷ್ಟು ದೊಡ್ಡದಾಗಿ.

ಈಗ ಭಾಷೆ. ನಮ್ಮಲ್ಲಿ ಅನೇಕರಿಗೆ ಮನೆಯಲ್ಲಿ ಉರ್ದು, ಪುಸ್ತಕದಲ್ಲಿ ಇಂಗ್ಲಿಷ್, ತರಗತಿಯಲ್ಲಿ ಕನ್ನಡ. ಕನ್ನಡ ತಪ್ಪಿದರೆ ನಗುತ್ತಾರೆಂದು ಬೇರೆಯವರನ್ನು ಮಾತಿಗೆ ಬಿಟ್ಟು ತಾವು ಚಾರ್ಟ್ ಹಿಡಿದು ನಿಲ್ಲುವವರಿದ್ದಾರೆ. ಬಿಸಿಲಲ್ಲಿ ಅಂಗಡಿ ಅಂಗಡಿ ಅಲೆದವರು ಇವರು, ಶಭಾಷ್ ಮಾತಾಡಿದವರಿಗೆ! ಇದು ನ್ಯಾಯವಲ್ಲ. ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ, ಕರಾರು ಇವೆಲ್ಲ ನಮ್ಮ ಮನೆಯ ಮಾತುಗಳೇ. ಅರಬ್ಬಿ, ಫಾರಸಿಯಿಂದ ಬಂದು ಉರ್ದುವಿನಲ್ಲೂ ಕನ್ನಡದ ಲೆಕ್ಕದ ಪುಸ್ತಕದಲ್ಲೂ ನೆಲೆಸಿವೆ. ವ್ಯಾಪಾರದ ಕನ್ನಡ ನಮಗೆ ಅಂದುಕೊಂಡಷ್ಟು ದೂರದ್ದಲ್ಲ.

ನಾನು ಮೊದಲು ದಾದಿಗೆ ಉರ್ದುವಿನಲ್ಲಿ ಹೇಳಿದೆ. ಸಗಟು ವ್ಯಾಪಾರಿಯ ವಿಷಯ ಅವರಿಗೆ ತಿಳಿಯಿತು ಎಂದರೆ ನನಗೂ ತಿಳಿದಿದೆ ಎಂದರ್ಥ. ಆಮೇಲೆ ಆಪಾ ಎದುರು ಕನ್ನಡದಲ್ಲಿ, ಗಡಿಯಾರ ಇಟ್ಟುಕೊಂಡು, ಮೂರು ಸಲ. ಬಾಯಿಪಾಠ ಮಾಡಿದ್ದು ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ. ನಡುವಿನದಕ್ಕೆ ಅಂಗೈಯಗಲದ ಚೀಟಿಯಲ್ಲಿ ನಾಲ್ಕು ಪದ. ಪ್ರವಾದಿ ಮೂಸಾ(ಅ) ನಾಲಿಗೆಯ ಗಂಟು ಬಿಡಿಸೆಂದು ಬೇಡಿದ ದುಆ ನಮಗೆಲ್ಲ ಗೊತ್ತು. ಅದರ ಜೊತೆಗೇ ಅವರು ಸಹೋದರ ಹಾರೂನ್(ಅ)ರನ್ನು ನೆರವಿಗೆ ಕೇಳಿದ್ದರು ಎಂಬುದೂ ನೆನಪಿರಲಿ. ಅಭ್ಯಾಸಕ್ಕೆ ಒಬ್ಬರು ಎದುರಿಗೆ ಇರಲೇಬೇಕು.

ಮಂಡನೆ ಮುಗಿದ ಮೇಲೆ ಉಪನ್ಯಾಸಕರು ಪ್ರಶ್ನೆ ಕೇಳುತ್ತಾರೆ. ನನಗೆ ಬಂದದ್ದು: ‘ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ 2020ರಿಂದ ವ್ಯಾಪಾರಿ ಎಂಡಿಆರ್ ಶುಲ್ಕ ಕೊಡಬೇಕಿಲ್ಲವಲ್ಲ, ಮತ್ತೆ ಖರ್ಚು ಅನ್ನುವುದೇಕೆ?’ ಹಣ ಬಂತೆಂದು ಕೂಗುವ ಸ್ಪೀಕರ್ ಪೆಟ್ಟಿಗೆಗೆ ತಿಂಗಳ ಬಾಡಿಗೆ ಇದೆ ಎಂದೆ. ‘ವರ್ಷಕ್ಕೆ ಅದು ಲಾಭದಲ್ಲಿ ಎಷ್ಟು ಪಾಲು?’ ಎಂದು ಮತ್ತೆ ಕೇಳಿದರು. ‘ಲಾಭ ಎಷ್ಟೆಂದು ನಾನು ಅಂಗಡಿಯವರನ್ನು ಕೇಳಿಲ್ಲ ಸರ್, ಅದು ಈ ಪ್ರಾಜೆಕ್ಟಿನಲ್ಲಿ ಇಲ್ಲ’ ಎಂದೆ. ಅವರು ತಲೆಯಾಡಿಸಿ ಮುಂದಿನ ತಂಡವನ್ನು ಕರೆದರು.