ನೆಂಟರ ಹಾಗೆ ಇರಬೇಡ

ಕೂಸೇ,

ಸಿಇಟಿ ಮುಗಿದದ್ದೇ ನಿನ್ನಮ್ಮ ಫೋನ್ ಮಾಡಿ, ಕಾಲೇಜು ಶುರುವಾಗುವ ಮೊದಲು ನಿನ್ನನ್ನು ನಮ್ಮ ತಮ್ಮನ ಮನೆಗೆ ಕಳಿಸುತ್ತೇನೆ, ಒಂದಷ್ಟು ದಿನ ಹಳ್ಳಿ ಗಾಳಿ ಕುಡಿದು ಬರಲಿ ಎಂದಳು. ಬರೀ ಗಾಳಿ ಕುಡಿಯುವುದಕ್ಕಾದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಶಿರಸಿಯ ತನಕ ಹೋಗಬೇಕಾಗಿಲ್ಲ, ಲಾಲ್‌ಬಾಗ್ ಸಾಕು. ಆದರೂ ನೀನು ಹೋಗಲೇಬೇಕು ಅಂತ ನಾನೂ ಹೇಳಿದೆ. ನನ್ನ ಕಾರಣ ಬೇರೆ.

ಈ ಎರಡು ವರ್ಷ ನಿಮ್ಮ ಮನೆ ನಿನ್ನ ಪರೀಕ್ಷೆಯ ಸುತ್ತಲೇ ತಿರುಗಿತು. ಟಿ.ವಿ. ಬಂದ್. ನೆಂಟರು ಬರುವಂತಿಲ್ಲ, ಮದುವೆ ಮುಂಜಿಗೆ ನೀವು ಹೋಗುವಂತಿಲ್ಲ. ನಿನ್ನ ಕೋಚಿಂಗ್ ವೇಳೆಗೆ ಅಡುಗೆ, ನೀನು ಓದಲು ಕೂತ ಮೇಲೆ ಅಪ್ಪನ ಫೋನ್ ಸೈಲೆಂಟ್. ಉಂಡ ತಟ್ಟೆಯನ್ನು ನೀನು ತೊಳೆದು ಎಷ್ಟು ಕಾಲವಾಯಿತೋ! ನಿನ್ನನ್ನು ದೂರುತ್ತಿಲ್ಲ. ಪಿಯುಸಿ ಓದುವ ಮಕ್ಕಳಿರುವ ಮನೆಗಳೆಲ್ಲ ಈಗ ಹಾಗೇ ಆಗಿವೆ. ಆದರೆ ಮಳೆಗಾಲ ಮುಗಿಯುವುದರೊಳಗೆ ನೀನು ಹಾಸ್ಟೆಲ್ಲಿಗೋ ಪಿ.ಜಿ.ಗೋ ಸೇರಿರುತ್ತೀಯ. ಅಲ್ಲಿ ನಿನ್ನ ಹಸಿವು, ನಿನ್ನ ತಲೆನೋವು, ನಿನ್ನ ಸಿಟ್ಟು ಯಾರಿಗೂ ಬೇಕಾಗಿರುವುದಿಲ್ಲ. ಅದಕ್ಕಿಂತ ಮೊದಲು, ನಿನ್ನ ಮೇಲೆ ಪ್ರೀತಿಯಿದ್ದೂ ನಿನ್ನ ಸುತ್ತ ತಿರುಗದ ಒಂದು ಮನೆಯಲ್ಲಿ ಇದ್ದು ನೋಡು. ನಿನ್ನ ಮಾವನ ಮನೆ ತಿರುಗುವುದು ಅಡಿಕೆಯ ಸುತ್ತ, ಮಳೆಯ ಸುತ್ತ, ಕೊಟ್ಟಿಗೆಯ ಎಮ್ಮೆಗಳ ಸುತ್ತ, ಅಮ್ಮಮ್ಮನ ಮಾತ್ರೆಯ ವೇಳೆಯ ಸುತ್ತ. ಇವುಗಳ ನಡುವೆ ನಿನಗೂ ಒಂದು ಜಾಗ ಉಂಟು, ಆದರೆ ಅದನ್ನು ನೀನೇ ಮಾಡಿಕೊಳ್ಳಬೇಕು.

ಮೊದಲ ಎರಡು ದಿನ ಉಪಚಾರ ಇದ್ದದ್ದೇ. ನಿನಗೆ ಇಷ್ಟ ಅಂತ ಅತ್ತೆ ಅಪ್ಪೆಹುಳಿ ಮಾಡುತ್ತಾಳೆ, ತೆಳ್ಳೇವು ಹುಯ್ಯುತ್ತಾಳೆ. ತಿನ್ನು. ಮೂರನೆಯ ದಿನದಿಂದ ನೆಂಟಸ್ತಿಕೆ ಸಾಕು ಮಾಡು. "ಅತ್ತೆ, ನಾನೇನಾದ್ರೂ ಮಾಡ್ಲಾ?" ಎಂದು ಬಾಗಿಲಲ್ಲಿ ನಿಂತು ಕೇಳಬೇಡ. ಹಾಗೆ ಕೇಳಿದರೆ, "ಬೇಡವೇ, ನೀ ಕೂತ್ಕೋ" ಎಂದೇ ಅವಳು ಹೇಳುವುದು. ಕೇಳಿದ ಪುಣ್ಯ ನಿನಗೆ, ಕೆಲಸ ಅವಳಿಗೆ. ಏನು ನಡೆಯುತ್ತಿದೆ ಎಂದು ನೋಡಿ ಕೈ ಹಾಕು. ಒಗೆದ ಬಟ್ಟೆ ಒಣಗಿಸು, ಬಸಳೆ ಬುಡಕ್ಕೆ ನೀರು ಹಾಕು, ಆಸರಿ ಕುಡಿದ ಲೋಟಗಳನ್ನು ತೊಳೆದಿಡು. ನೀನು ಗಂಡುಹುಡುಗನಾಗಿದ್ದರೂ ಇದನ್ನೇ ಹೇಳುತ್ತಿದ್ದೆ. ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದೆನೋ ಏನೋ.

ನೀನು ಹೋಗುವ ಹೊತ್ತಿಗೆ ಹಲಸಿನ ಹಪ್ಪಳದ ಕಾಲ. ಬಲಿತಿರಬೇಕು, ಹಣ್ಣಾಗಿರಬಾರದು, ಅಂಥ ಕಾಯಿಯೇ ಹಪ್ಪಳಕ್ಕೆ ಬೇಕು. ಕೊರೆಯುವ ಮೊದಲು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೋ, ಇಲ್ಲದಿದ್ದರೆ ಮೇಣ ಉಗುರಿನ ಸಂದಿಯಿಂದ ಎರಡು ದಿನ ಹೋಗುವುದಿಲ್ಲ. ತೊಳೆ ಬಿಡಿಸಿ, ಬೀಜ ತೆಗೆದು, ಹಬೆಯಲ್ಲಿ ಬೇಯಿಸಿ, ಉಪ್ಪು ಮೆಣಸು ಜೀರಿಗೆ ಸೇರಿಸಿ ಬಿಸಿಯಿರುವಾಗಲೇ ಕುಟ್ಟಬೇಕು. ಆರಿದರೆ ಗಂಟು ಉಳಿಯುತ್ತದೆ. ಆಮೇಲೆ ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ಮಣೆಯಿಂದ ಒತ್ತಿ, ಚಾಪೆಯ ಮೇಲೆ ಬಿಸಿಲಿಗೆ ಹಾಕುವುದು. ನಿನ್ನ ಮೊದಲ ಹಪ್ಪಳಗಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗಾಗುತ್ತವೆ, ಅಮ್ಮಮ್ಮ ನಗುತ್ತಾಳೆ. ನಗಲಿ. ಆ ದಿನ ಅಕ್ಕಪಕ್ಕದ ಮನೆಯ ಹೆಂಗಸರು ಸಹಾಯಕ್ಕೆ ಬರುತ್ತಾರೆ. ಅವರ ಮನೆಯ ಹಪ್ಪಳದ ದಿನ ನೀನೂ ಅತ್ತೆಯ ಜತೆ ಹೋಗು. ಮುಯ್ಯಾಳು ಅಂದರೆ ಅದೇ. ಒಂದು ಕಡೆ ಉಂಡು ಎದ್ದು ಬಂದರೆ ಲೆಕ್ಕ ಬಾಕಿ ಉಳಿಯುತ್ತದೆ. ಅಲ್ಲಿ ಕೂತಾಗ ಯಾರ ಮನೆಯಲ್ಲಿ ಏನು ನಡೆದಿದೆ ಎಂಬುದೆಲ್ಲ ಕಿವಿಗೆ ಬೀಳುತ್ತದೆ. ಕೇಳು, ಇನ್ನೊಂದು ಮನೆಗೆ ದಾಟಿಸಬೇಡ.

ಅಡಿಕೆಯ ವಿಷಯಕ್ಕೆ ಬರುತ್ತೇನೆ. ಕೊನೆಕೊಯ್ಲು ಚಳಿಗಾಲದಲ್ಲೇ ಆಗಿರುತ್ತದೆ. ಈಗ ಒಣಗಿದ ಚಾಲಿ ಸುಲಿದು ಮಾರಾಟಕ್ಕೆ ಸಾಗಿಸುವ ದಿನಗಳು. ಮಾವ ಶಿರಸಿಗೆ ಅಡಿಕೆ ಒಯ್ಯುವಾಗ ಒಮ್ಮೆ ಜೀಪಿನಲ್ಲಿ ಕೂತು ಹೋಗು. ತೋಟಿಗರೇ ಸೇರಿ 1923ರಲ್ಲಿ ಕಟ್ಟಿಕೊಂಡ ಟಿಎಸ್‌ಎಸ್ ಸಹಕಾರಿ ಸಂಘ ಇರುವುದು ಅಲ್ಲೇ. ಅಂಗಳದಲ್ಲಿ ರಾಶಿ ಹಾಕಿದ ಅಡಿಕೆಯನ್ನು ವ್ಯಾಪಾರಿಗಳು ಕೈಯಲ್ಲಿ ಹಿಡಿದು, ಒಡೆದು ನೋಡಿ ಟೆಂಡರ್ ಹಾಕುತ್ತಾರೆ. ವರ್ಷವಿಡೀ ದುಡಿದದ್ದಕ್ಕೆ ದರ ನಿಗದಿಯಾಗುವುದನ್ನು ಒಬ್ಬ ಮನುಷ್ಯ ಮಾತಿಲ್ಲದೆ ಕಾಯುತ್ತಾ ನಿಲ್ಲುವುದನ್ನು ನೀನು ಅಲ್ಲಿ ನೋಡಬೇಕು. ನಿನ್ನಪ್ಪನಿಗೆ ತಿಂಗಳ ಕೊನೆಗೆ ಸಂಬಳ ಬರುತ್ತದೆ, ಮಾವನಿಗೆ ಬರುವುದಿಲ್ಲ. ಇದು ತಲೆಯಲ್ಲಿರಲಿ. ಪೇಟೆಗೆ ಹೋದಾಗ ಅದು ಬೇಕು ಇದು ಬೇಕು ಎನ್ನಬೇಡ. ಅಮ್ಮ ಕೊಟ್ಟ ದುಡ್ಡಿನಲ್ಲಿ ನೀನೇ ಮನೆಗೆ ಹಣ್ಣೋ ಬ್ರೆಡ್ಡೋ ತೆಗೆದುಕೊಂಡು ಹೋಗು.

ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಕೊಳೆಗೆ ಮದ್ದು ಹೊಡೆಯುವುದು ಶುರುವಾಗುತ್ತದೆ. ಮಳೆಗಾಲದಲ್ಲಿ ಎಳೆಯ ಅಡಿಕೆ ಕೊಳೆತು ಉದುರುವ ರೋಗ ಅದು. ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ನೀನು ಬಾಯಿಪಾಠ ಮಾಡಿದ ರಸಾಯನಶಾಸ್ತ್ರವೇ ಉಂಟು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಬ್ಯಾರಲ್ಲಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಸುಣ್ಣವನ್ನು ಮೈಲುತುತ್ತಕ್ಕಲ್ಲ. ಆಗ ಬರುವ ತಿಳಿನೀಲಿ ಬಣ್ಣ ನೋಡಲು ಚಂದ. ಸರಿಯಾಗಿದೆಯೋ ಇಲ್ಲವೋ ನೋಡಲು ಮಾವ ಹೊಳೆಯುವ ಕತ್ತಿಯೊಂದನ್ನು ಅದ್ದಿ ತೆಗೆಯುತ್ತಾನೆ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಕಾಯಿ ಸುಡುತ್ತದೆ. ಕಬ್ಬಿಣವು ತಾಮ್ರವನ್ನು ಹೊರದೂಡುವ ಕ್ರಿಯೆಗೆ ನೀನು ಪರೀಕ್ಷೆಯಲ್ಲಿ ಅಂಕ ತೆಗೆದುಕೊಂಡಿದ್ದೀಯ. ಮಾವ ಅದರಿಂದ ಬೆಳೆ ಉಳಿಸಿಕೊಳ್ಳುತ್ತಾನೆ. ಈ ಮದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ್ದು. ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಎಂಬವರು ಕೊಳೆರೋಗದ ಬೆನ್ನು ಹತ್ತಿ 1910ರಲ್ಲಿ ವರದಿ ಬರೆದರು, ಈ ಮದ್ದನ್ನು ನಮ್ಮ ಮಲೆನಾಡಿನ ತೋಟಗಳಿಗೆ ಹೊಂದಿಸಿ ಕೊಟ್ಟವರೂ ಅವರೇ. ಕಂಪ್ಯೂಟರ್ ಸೈನ್ಸೇ ಬೇಕು ಎಂದು ಕೂತವಳು ನೀನು, ತೆಗೆದುಕೋ. ಆದರೆ ಓದಿದವರು ಊರಿನ ಕೆಲಸಕ್ಕೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಆ ನೀಲಿ ಬ್ಯಾರಲ್ಲು ಸಾಕ್ಷಿ.

ಎರಡು ಮಾತುಗಳನ್ನು ಆ ಮನೆಯಲ್ಲಿ ಆಡಬೇಡ. ಒಂದು, "ಎಷ್ಟು ಚಂದ, ಸ್ವರ್ಗದಲ್ಲಿದ್ದೀರಿ ನೀವು." ಇನ್ನೊಂದು, "ಇದನ್ನೆಲ್ಲ ಮಾರಿ ಬೆಂಗಳೂರಿಗೆ ಬರಬಾರದಾ?" ಬೇಸಿಗೆಯಲ್ಲಿ ಬಂದು ಹೋಗುವ ನಮ್ಮಂಥವರ ಬಾಯಲ್ಲಿ ಈ ಎರಡೂ ಮಾತು ಹಗುರವಾಗಿ ಬರುತ್ತವೆ. ಎಲೆಚುಕ್ಕೆ ರೋಗದಿಂದ ತೋಟ ಬಾಡುತ್ತಿರುವಾಗ, ಕೊನೆ ಇಳಿಸಲು ಮರ ಹತ್ತುವವರು ಸಿಗದಿರುವಾಗ, ಒಬ್ಬನೇ ಮಗ ಬೆಂಗಳೂರಿನ ಕಂಪನಿಯಲ್ಲಿರುವಾಗ, ಸ್ವರ್ಗ ಎನ್ನುವುದು ಹಂಗಿಸಿದ ಹಾಗೆ. ಮಾರು ಎನ್ನುವುದು ಅದಕ್ಕಿಂತ ಕೆಟ್ಟದ್ದು. ನಿನ್ನ ಮಾವ ಆ ಮಾತನ್ನು ಪ್ರತಿ ರಾತ್ರಿ ಒಬ್ಬನೇ ಯೋಚಿಸಿರುತ್ತಾನೆ, ನೀನು ನೆನಪಿಸಬೇಕಾಗಿಲ್ಲ.

ಹೇಳುವುದಕ್ಕಿಂತ ಕೇಳು. ಒಂದೆಕರೆ ತೋಟಕ್ಕೆ ಒಂಬತ್ತೆಕರೆ ಸೊಪ್ಪಿನ ಬೆಟ್ಟ ಎಂಬ ಲೆಕ್ಕ ನಮ್ಮ ಕಡೆ ಯಾಕೆ ಬಂತು, ಸೊಪ್ಪು, ಒಣ ಎಲೆಯ ದರಕು ಇಲ್ಲದೆ ತೋಟ ಯಾಕೆ ನಡೆಯುವುದಿಲ್ಲ ಎಂದು ಮಾವನನ್ನು ಕೇಳು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಮರಗಳನ್ನು ತಬ್ಬಿ ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ನಿನ್ನ ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿದ್ದಿರಬಹುದು, ಆ ಊರುಗಳಲ್ಲಿ ಅರುವತ್ತು ದಾಟಿದವರಿಗೆ ಅದು ನೆನಪು. ಅಮ್ಮಮ್ಮನ ಹತ್ತಿರ ಕೇಳುವುದಂತೂ ಬಹಳ ಉಂಟು. ಅವಳ ಬಲಗಿವಿ ಮಂದ, ಎಡಕ್ಕೆ ಕೂತು ಮಾತಾಡು. ದಯವಿಟ್ಟು ಅವಳನ್ನು ರೀಲ್ಸ್ ಮಾಡಬೇಡ. ವಿಡಿಯೋ ತೆಗೆಯುವುದಾದರೆ ಕೇಳಿ ತೆಗೆ. ಅದು ಮನೆಯವರ ಮಟ್ಟಿಗೆ ಇರಲಿ.

ಇನ್ನೊಂದು ವಿಷಯ ನಿನ್ನಮ್ಮ ಬಾಯಿಬಿಟ್ಟು ಹೇಳುವುದಿಲ್ಲ, ನಾನೇ ಹೇಳುತ್ತೇನೆ. ಆ ಮನೆಯಲ್ಲಿ ಮುಟ್ಟಿನ ಮೂರು ದಿನ ದೇವರ ಕೋಣೆಗೂ ಅಡುಗೆಮನೆಗೂ ಹೋಗುವಂತಿಲ್ಲ. ನನಗೆ ಈ ಪದ್ಧತಿ ಯಾವತ್ತೂ ಒಪ್ಪಿಗೆಯಾಗಿಲ್ಲ, ಸರಿಯೆಂದು ನಿನಗೆ ಹೇಳುವುದೂ ಇಲ್ಲ. ಆದರೆ ಎಂಬತ್ತು ದಾಟಿದ ಅಮ್ಮಮ್ಮನ ಜತೆ ವಾದಕ್ಕೆ ಕೂತು ಅವಳನ್ನು ಗೆಲ್ಲುವುದರಿಂದ ಏನೂ ಬದಲಾಗುವುದಿಲ್ಲ. ಮೊದಲೇ ಅತ್ತೆಗೆ ಹೇಳಿಡು. ಅವಳು ಎಷ್ಟೋ ವರ್ಷಗಳಿಂದ ಸದ್ದಿಲ್ಲದೆ ದಾರಿ ಮಾಡಿಕೊಂಡವಳು, ನಿನಗೂ ಮಾಡಿಕೊಡುತ್ತಾಳೆ. ಹಾಸಿಗೆ, ಹೊದಿಕೆ, ಬಿಸಿ ಊಟ, ಇವುಗಳಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡ. ನಾಳೆ ನಿನ್ನದೇ ಮನೆಯಾದಾಗ ಈ ಪದ್ಧತಿ ಹೊಸ್ತಿಲು ದಾಟದಂತೆ ನೋಡಿಕೋ. ಅದು ನಿನ್ನ ಕೈಯಲ್ಲಿರುವ ಮಾತು.

ಕಾಡಿಗೆ ಹಾಗೇ ಹೋಗಬೇಡ, ಕಾರಣ ಹುಲಿ ಚಿರತೆ ಅಲ್ಲ, ಉಣುಗು. ಅದು ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದರು. ಇವತ್ತಿಗೂ ಚಳಿಗಾಲದಿಂದ ಮಳೆ ಬರುವ ತನಕ ನಮ್ಮ ಕಡೆ ಅದರ ಭಯ ಉಂಟು. ದರಕು ಗುಡಿಸಲು ಬೆಟ್ಟಕ್ಕೆ ಹೋಗುವಾಗ ತುಂಬು ತೋಳಿನ ಅಂಗಿ ಹಾಕು, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಕೈಕಾಲಿಗೆ ಹಚ್ಚಿಕೋ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಮಾವನಿಗೆ ತಿಳಿಸು. ಜ್ವರ ಬಂದರೆ ಮುಚ್ಚಿಡಬೇಡ. ಫಾಲ್ಸ್ ನೋಡಲು ಹೋದಾಗ ಬಂಡೆಯ ಮೇಲೆ ಸೆಲ್ಫಿ ಬೇಡ ಎಂದು ಪ್ರತ್ಯೇಕ ಹೇಳಬೇಕೇ?

ಸೀಟಿನ ಕೆಲಸ ಮರೆಯಬೇಡ. ಪಿಯುಸಿ ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಜಾತಿ ಆದಾಯ ಪತ್ರ ಎಲ್ಲದರ ಸ್ಕ್ಯಾನ್ ಪ್ರತಿ ಫೋನಿನಲ್ಲಿಟ್ಟುಕೋ. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಗೇಟಿನ ಹತ್ತಿರದ ದಿಣ್ಣೆ ಹತ್ತಿದರೆ ಸಿಗುತ್ತದೆ. ಆಪ್ಷನ್ ಎಂಟ್ರಿಯ ದಿನ ಶಿರಸಿಗೇ ಹೋಗಿ ಮಾಡು. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಎಂದು ಅಪ್ಪನನ್ನು ಕೇಳು, ತಪ್ಪಿಲ್ಲ. ಆದರೆ ಪಟ್ಟಿ ಮಾಡುವವಳು ನೀನೇ ಆಗಿರು. ನಾಲ್ಕು ವರ್ಷ ಅಲ್ಲಿ ಕೂರಬೇಕಾದವಳು ನೀನು. ರ‍್ಯಾಂಕ್ ಎಷ್ಟೇ ಬರಲಿ, ಊಟಕ್ಕೆ ಕೂತಾಗ ಅದೇ ಮಾತು ತೆಗೆಯಬೇಡ. ಹಾಗೆ ಮಾಡಿದರೆ ಮತ್ತೆ ನಿನ್ನ ಸುತ್ತ ಮನೆ ತಿರುಗಿಸಿದ ಹಾಗಾಯಿತು.

ರಿಸಲ್ಟ್ ಬಂದ ಕೂಡಲೇ ಗೆಳತಿಯರು ಕರೆದರೆಂದು ಓಡಿ ಬರಬೇಡ. ಮದ್ದು ಹೊಡೆದು ಮುಗಿಯುವ ತನಕವಾದರೂ ಇರು. ಆ ಹೊತ್ತಿಗೆ ಎಲ್ಲರ ತೋಟದಲ್ಲೂ ಒಮ್ಮೆಗೇ ಕೆಲಸ, ಹೆಚ್ಚಿನ ಕೂಲಿ ಕೊಡುತ್ತೇನೆಂದರೂ ಜನ ಸಿಗುವುದಿಲ್ಲ. ಕೈಗವಸು ಹಾಕಿಕೊಂಡು ಬ್ಯಾರಲ್ಲಿನ ಪಕ್ಕ ನಿಂತು ಮದ್ದು ಕದಡಿ ಕೊಡಲು ಒಬ್ಬರು ಬೇಕು. ನಿನ್ನ ಮಾವ ಬಾಯಿಬಿಟ್ಟು ಕೇಳುವವನಲ್ಲ. "ನಾನಿರ್ತೇನೆ ಮಾವ" ಎಂದು ನೀನೇ ಹೇಳಿಬಿಡು.