ಸೊಳ್ಳೆಮುಲಾಮಿನ ಪರೀಕ್ಷೆಯೂ ಗ್ರಾಹಕನ ಹಕ್ಕೂ

ಸಂಜೆಯಾದೊಡನೆ ಮಕ್ಕಳ ಕೈಕಾಲಿಗೆ ಸವರುವ ಸೊಳ್ಳೆನಿವಾರಕ ಮುಲಾಮು ಕಾನೂನಿನ ದೃಷ್ಟಿಯಲ್ಲಿ ಔಷಧವೆಂಬ ಸಂಗತಿ, ಅದನ್ನು ಸಾಬೂನು ಪೌಡರುಗಳ ಸಾಲಿನಲ್ಲಿರಿಸಿ ಮಾರುವ ಅಂಗಡಿಯವನಿಗಾಗಲಿ ಕೊಳ್ಳುವ ಗೃಹಸ್ಥನಿಗಾಗಲಿ ಹೊಳೆದಿರಲಾರದು. 1940ರ ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮದ 3ನೆಯ ಪ್ರಕರಣವು, ಸೊಳ್ಳೆಯಂತಹ ಕೀಟಗಳನ್ನು ದೂರವಿಡಲು ಮೈಗೆ ಹಚ್ಚುವ ಲೇಪಗಳನ್ನು ಔಷಧದ ವ್ಯಾಖ್ಯೆಯೊಳಗೆ ಸ್ಪಷ್ಟವಾಗಿ ಸೇರಿಸಿದೆ. ಮೂಲೆಯಲ್ಲಿ ಹೊಗೆಯಾಡುವ ಸೊಳ್ಳೆಬತ್ತಿಗೆ ಆ ಗೌರವವಿಲ್ಲ, ಅದು 1968ರ ಕೀಟನಾಶಕಗಳ ಅಧಿನಿಯಮದ ಪಾಲು.

ಈ ವರ್ಗೀಕರಣದ ಫಲ ಅಲ್ಪವಲ್ಲ. ಅದೇ ಅಧಿನಿಯಮದ 26ನೆಯ ಪ್ರಕರಣದ ಮೇರೆಗೆ, ತಾನು ಕೊಂಡ ಔಷಧವನ್ನು ಯಾವನೇ ವ್ಯಕ್ತಿಯು 14-ಎ ನಮೂನೆಯ ಅರ್ಜಿಯೊಡನೆ, ನಿಗದಿಯಾದ ಶುಲ್ಕ ತೆತ್ತು, ಸರ್ಕಾರಿ ವಿಶ್ಲೇಷಕನ ಪರೀಕ್ಷೆಗೆ ಒಪ್ಪಿಸಬಹುದು. ವಿಶ್ಲೇಷಕನ ಸಹಿಯುಳ್ಳ ವರದಿಯನ್ನು ಪಡೆಯುವುದು ಅರ್ಜಿದಾರನ ಹಕ್ಕೇ ಹೊರತು ಅಧಿಕಾರಿಯ ಕೃಪೆಯಲ್ಲ. ಅರೆ ಬಳಸಿದ ಟ್ಯೂಬಿಗಿಂತ, ಅದೇ ಬ್ಯಾಚ್ ಸಂಖ್ಯೆಯ ಮತ್ತೊಂದನ್ನು ರಸೀದಿಸಹಿತ ಕೊಂಡು, ಮುಚ್ಚಳ ತೆರೆಯದೆ ಒಯ್ಯುವುದು ಲೇಸು. ಆಯುರ್ವೇದ ಔಷಧವೆಂದು ಪರವಾನಗಿ ಪಡೆದ ಎಣ್ಣೆಗಳಿಗೆ ಮಾತ್ರ ಈ ಪ್ರಕರಣ ಅನ್ವಯಿಸದು. ಅಲ್ಲಿ ಔಷಧ ಪರಿವೀಕ್ಷಕನಿಗೆ ದೂರಿತ್ತು ಅವನಿಂದಲೇ ಮಾದರಿ ತೆಗೆಸಬೇಕು. ಒಂದೇ ಸೊಳ್ಳೆಗೆ ಎರಡು ನ್ಯಾಯವೇಕೆಂದು ಕೇಳುವವರ ಪ್ರಶ್ನೆ ನನಗೂ ಯುಕ್ತವೆಂದೇ ತೋರುತ್ತದೆ.

ಆದರೆ ವಿಶ್ಲೇಷಕನು ಸಾಮಾನ್ಯವಾಗಿ ಅಳೆಯುವುದು ಲೇಬಲು ಹೇಳಿದಷ್ಟು ಡೀಟ್ ಎಂಬ ಸೊಳ್ಳೆನಿವಾರಕ ರಾಸಾಯನಿಕ ಒಳಗಿದೆಯೇ ಎಂಬುದನ್ನು; ‘ಎಂಟು ಗಂಟೆಗಳ ರಕ್ಷಣೆ’ ದಿಟವೇ ಎಂಬುದಕ್ಕೆ ಬೇರೆ ಪರೀಕ್ಷೆಯುಂಟು. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯಂತೆ, ಪ್ರಯೋಗಾಲಯದಲ್ಲಿ ಸಾಕಿದ 200ಕ್ಕೂ ಮಿಕ್ಕ ಹಸಿದ ಹೆಣ್ಣುಸೊಳ್ಳೆಗಳ ಪಂಜರದೊಳಕ್ಕೆ ಸ್ವಯಂಸೇವಕನು ಮೊದಲು ಲೇಪವಿಲ್ಲದ ಕೈಯನ್ನು ಚಾಚಿ ಅವುಗಳ ಹಸಿವನ್ನೇ ಪರೀಕ್ಷಿಸಿ, ಅನಂತರ ಲೇಪ ಹಚ್ಚಿದ ಮುಂಗೈಯನ್ನು, ಅಂಗೈಗೆ ಗವಸು ತೊಟ್ಟು, ಅರ್ಧ ಅಥವಾ ಒಂದು ಗಂಟೆಗೊಮ್ಮೆ 3 ನಿಮಿಷ ಒಡ್ಡುತ್ತಾನೆ. ಮೊದಲ ಸೊಳ್ಳೆ ಬಂದು ಕೂರುವವರೆಗೆ ಅಥವಾ ಚುಚ್ಚಲೆಳಸುವವರೆಗೆ ಕಳೆದ ಕಾಲವೇ ಪೂರ್ಣರಕ್ಷಣೆಯ ಅವಧಿ. ಮನೆಯಂಗಳದಲ್ಲಿ ಕೈಯೊಡ್ಡಿ ಕುಳಿತು ಮಾಡುವ ಪ್ರಯೋಗಕ್ಕೆ ನ್ಯಾಯಪೀಠದೆದುರು ಬೆಲೆ ಕಡಿಮೆ, ಡೆಂಗಿಯ ಭಯ ಹೆಚ್ಚು.

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು, ವ್ಯಾಪಾರಿಯು ಯಾವುದೇ ರೀತಿಯಲ್ಲಿ ಘೋಷಿಸಿದ ಗುಣಮಟ್ಟಕ್ಕೆ ಸರಕು ಕಡಿಮೆಬಿದ್ದರೆ ಅದನ್ನೂ ದೋಷವೆಂದೇ ಗಣಿಸುವುದರಿಂದ, ಹೇಳಿದಷ್ಟು ಗಂಟೆಗಳ ರಕ್ಷಣೆ ಸಿಗದವನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ, ವ್ಯಾಜ್ಯಕಾರಣ ಹುಟ್ಟಿದ 2 ವರ್ಷಗಳೊಳಗೆ ದೂರು ಹೂಡಬಹುದು. ಇಷ್ಟು ಅಲ್ಪಬೆಲೆಯ ವಸ್ತುವಿಗೆ ದೂರಿನ ಶುಲ್ಕವಿಲ್ಲ. ಪರೀಕ್ಷೆಯಿಲ್ಲದೆ ದೋಷ ನಿರ್ಣಯವಾಗದೆಂದು ಕಂಡಲ್ಲಿ, 38ನೆಯ ಪ್ರಕರಣದಂತೆ ಆಯೋಗವೇ ಮಾದರಿಗೆ ಮುದ್ರೆಯೊತ್ತಿ ಸೂಕ್ತ ಪ್ರಯೋಗಾಲಯಕ್ಕೆ ಕಳುಹಿಸಿ, 45 ದಿನಗಳೊಳಗೆ ವರದಿ ಬೇಡುತ್ತದೆ. ಆ ಪರೀಕ್ಷೆಯ ವೆಚ್ಚವನ್ನು ಮುಂಗಡವಾಗಿ ಠೇವಣಿಯಿಡುವಂತೆ ದೂರುದಾರನಿಗೇ ಆಯೋಗವು ಆದೇಶಿಸಬಹುದಾದ್ದರಿಂದ, ಬಿಡಿ ಗ್ರಾಹಕನಿಗಿಂತ ನಾಲ್ವರು ಕೂಡಿಯೋ ಗ್ರಾಹಕ ಸಂಘದ ಮೂಲಕವೋ ಹೋಗುವುದು ಮಿತವ್ಯಯದ ಮಾರ್ಗ.